ಬೋರ್ಡಿಗೆ ಕನ್ನಡ ಬಂತು, ಪಾಸ್‌ಬುಕ್ಕಿಗೆ ಯಾವಾಗ?

2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಕನ್ನಡದ ಹುಡುಗರು ಬೀದಿಗಿಳಿದರು. ಇಂಗ್ಲಿಷ್ ಬೋರ್ಡುಗಳು ನೆಲಕ್ಕುರುಳಿದವು. ಕೆಲವರು ಜೈಲು ಕಂಡು ಬಂದರು. ಎರಡೇ ತಿಂಗಳಲ್ಲಿ, 2024ರ ಫೆಬ್ರವರಿಯಲ್ಲಿ, ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿ ಇರಲೇಬೇಕು ಎಂಬ ತಿದ್ದುಪಡಿಯನ್ನು ವಿಧಾನಮಂಡಲ ಒಪ್ಪಿತು. ಕನ್ನಡದ ಸೊಲ್ಲೆತ್ತಿದರೆ ಮೂಗು ಮುರಿಯುತ್ತಿದ್ದ ಅಂಗಡಿಯವರು ರಾತ್ರೋರಾತ್ರಿ ಪೇಂಟರನ್ನು ಹುಡುಕಿಕೊಂಡು ಓಡಿದರು. ದೂರದ ಹೆಗ್ಗರಣೆಯವನಾದ ನನಗೂ ಆ ದಿನ ಎದೆಯುಬ್ಬಿತು.

ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಬೋರ್ಡು ಓದುವವನು ಯಾರು? ರಸ್ತೆಯಲ್ಲಿ ಹೋಗುವವನು. ಓದಲಾಗದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅವನ ಮನೆ ಮುಳುಗುವುದಿಲ್ಲ. ಅದೇ ಬ್ಯಾಂಕಿನ ಒಳಗೆ, ಫೈನಾನ್ಸಿನವರ ಚೀಲದ ಒಳಗೆ ಇರುವ ಕಾಗದ ಇದೆಯಲ್ಲ, ಅದಕ್ಕೆ ಸಹಿ ಹಾಕುವವಳು ಯಾರು? ನಿಮ್ಮ ತಾಯಿ. ನಿಮ್ಮ ಅಕ್ಕ. ಊರಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸು. ಆ ಕಾಗದ ಯಾವ ಭಾಷೆಯಲ್ಲಿದೆ ಎಂದು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ನಾನು ನೋಡಿದ್ದು ಆಕಸ್ಮಿಕವಾಗಿ. ನನ್ನದು ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾಗದ, ಜಾತ್ರೆ ಕರಪತ್ರ, ಸೊಸೈಟಿ ವರದಿ ಇವುಗಳ ಜೊತೆಗೆ ಮಹಿಳಾ ಸಂಘಗಳ ರಸೀದಿ ಪುಸ್ತಕ, ಉಳಿತಾಯದ ಪಾಸ್‌ಬುಕ್ಕು, ನಡವಳಿ ಪುಸ್ತಕಗಳನ್ನೂ ಅಚ್ಚು ಹಾಕುತ್ತೇನೆ. ಒಮ್ಮೆ ಸಂಘದ ಪ್ರತಿನಿಧಿಯೊಬ್ಬಳು ರಸೀದಿ ಪುಸ್ತಕಕ್ಕೆ ಹೇಳಲು ಬಂದವಳು ಅಳುಮುಖದಲ್ಲಿ ಕೂತಳು. ಏನಕ್ಕಾ ಎಂದರೆ ಹೇಳುತ್ತಾಳೆ: "ನಾನು ದುಡ್ಡು ತಿಂದೆ ಅಂತ ಹೇಳ್ತಾರೆ ತಮ್ಮಾ. ಇನ್ನು ಸಂಘವೇ ಬೇಡ, ಬಿಟ್ಟುಬಿಡ್ತೆ."

ಆದದ್ದು ಇಷ್ಟು. ಅವಳೂ ಇನ್ನು ನಾಲ್ವರೂ ಸೇರಿ ಖಾಸಗಿ ಫೈನಾನ್ಸ್ ಕಂಪನಿಯೊಂದರಿಂದ ತಲಾ 50,000 ರೂಪಾಯಿ ಸಾಲ ಎತ್ತಿದ್ದರು. ಮುಂದೆ ನಿಂತು ಓಡಾಡಿದವಳು ಇವಳು. ಕೈಗೆ ಬಂದದ್ದು ತಲಾ 48,200. ಉಳಿದ 1,800 ಎಲ್ಲಿ ಹೋಯಿತು? ಸಾಲ ಕೊಡಿಸಿದ ಹುಡುಗ "ಆಫೀಸಿನಲ್ಲಿ ಹಿಡಿದುಕೊಂಡಿದ್ದಾರೆ" ಎಂದವನು ಮತ್ತೆ ಆ ಕಡೆ ಬರಲಿಲ್ಲ. ಹೊಸಬ ಬಂದ, ಅವನಿಗೆ ಹಳೆಯದು ಗೊತ್ತಿಲ್ಲ. ಊರಿನ ಬಾಯಿ ಸುಮ್ಮನಿರುತ್ತದೆಯೆ? ಇವಳೇ ನುಂಗಿದಳು ಎಂದಾಯಿತು. ಹತ್ತು ವರ್ಷ ಒಂದೇ ಚಾಪೆಯ ಮೇಲೆ ಕೂತು ವಾರದ ಉಳಿತಾಯ ಎಣಿಸಿದವರು ದಾರಿಯಲ್ಲಿ ಎದುರಾದರೆ ಮುಖ ತಿರುಗಿಸತೊಡಗಿದರು.

"ಸಾಲದ ಕಾಗದ ಕೊಟ್ಟಿಲ್ಲವಾ?" ಎಂದೆ. ಚೀಲದಿಂದ ತೆಗೆದು ಕೊಟ್ಟಳು. ನಾಲ್ಕಾಗಿ ಮಡಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದಳು. ಪೂರ್ತಿ ಇಂಗ್ಲಿಷ್. ಪಿಯುಸಿ ಓದಿದ ನಾನು ಎರಡು ಸಲ ಓದಿ, ಪರಿಚಯದ ಮೇಷ್ಟರೊಬ್ಬರಿಗೆ ತೋರಿಸಿದ ಮೇಲೆ ಗೊತ್ತಾಯಿತು: ಸೇವಾ ಶುಲ್ಕ ಇಷ್ಟು, ಅದರ ಮೇಲೆ ತೆರಿಗೆ ಇಷ್ಟು, ಸಾಲಗಾರಳ ಮತ್ತು ಗಂಡನ ಹೆಸರಿನಲ್ಲಿ ವಿಮೆ ಇಷ್ಟು. ಕೂಡಿದರೆ ಸರಿಯಾಗಿ 1,800!

ಯೋಚನೆ ಮಾಡಿ ಗೆಳೆಯರೇ. ತಾನು ಕಳ್ಳಿಯಲ್ಲ ಎಂಬುದಕ್ಕೆ ಸಾಕ್ಷಿಯನ್ನು ಆ ಹೆಂಗಸು ತಿಂಗಳುಗಟ್ಟಲೆ ತನ್ನ ಚೀಲದಲ್ಲೇ ಹೊತ್ತು ತಿರುಗಿದ್ದಾಳೆ. ಓದಲಿಕ್ಕಾಗಲಿಲ್ಲ, ಅಷ್ಟೆ. ಅವಳೇನು ಅನಕ್ಷರಸ್ಥೆಯೆ? ಏಳನೇ ಇಯತ್ತೆ ಓದಿದವಳು. ಸಂಘದ ನಡವಳಿಯನ್ನು ಮುತ್ತು ಪೋಣಿಸಿದಂತೆ ಬರೆಯುವವಳು. ಅವಳನ್ನು ಅನಕ್ಷರಸ್ಥೆ ಮಾಡಿದ್ದು ಆ ಕಾಗದ!

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಅಚ್ಚಿಗೆ ಬಿಡುವ ಮೊದಲು ಗಿರಾಕಿಗೆ ಪ್ರೂಫ್ ತೋರಿಸಬೇಕು. ಅವನು ಓದಿ, ತಿದ್ದಿ, ಸರಿ ಎಂದು ಸಹಿ ಹಾಕಬೇಕು. ಆಮೇಲೆ ತಪ್ಪು ಸಿಕ್ಕಿದರೆ ನಷ್ಟ ಅವನದು. ಯಾಕೆಂದರೆ ಅವನು ಓದಿದ್ದಾನೆ. ಓದಲಾಗದ ಭಾಷೆಯಲ್ಲಿ ಪ್ರೂಫ್ ಕೊಟ್ಟು, ಸಹಿ ಹಾಕಿಸಿಕೊಂಡು, ತಪ್ಪಾದಾಗ "ನೀನೇ ಸಹಿ ಹಾಕಿದ್ದೀಯಲ್ಲ" ಎಂದರೆ ಆ ಪ್ರೆಸ್ಸಿಗೆ ಏನೆನ್ನುತ್ತೀರಿ? ಮೋಸದ ಅಂಗಡಿ ಎನ್ನುತ್ತೀರಿ ತಾನೆ? ಸಾಲದ ಕಾಗದದ ವಿಷಯದಲ್ಲಿ ಮಾತ್ರ ಇದಕ್ಕೆ "ಬ್ಯಾಂಕಿಂಗ್" ಎಂದು ಹೆಸರು.

ಕೆಲವು ದೊಡ್ಡ ಮನುಷ್ಯರು ಹೇಳುವುದುಂಟು: "ದುಡ್ಡಿಗೆ ಯಾವ ಭಾಷೆ ರೀ? ಬಡವಳಿಗೆ ಸಾಲ ಸಿಕ್ಕಿದರೆ ಸಾಕು. ನಿಮ್ಮದು ಎಲ್ಲದರಲ್ಲೂ ಕನ್ನಡ ಕನ್ನಡ ಅಂತ ಅಡ್ಡಗಾಲು." ಇವರಿಗೆ ಒಂದು ಲೆಕ್ಕ ಹಾಕಿ ತೋರಿಸೋಣ.

50,000 ಸಾಲ, ಎರಡು ವರ್ಷ, "ಬಡ್ಡಿ ಬರೀ ಹನ್ನೆರಡು ಪರ್ಸೆಂಟು" ಎಂದು ಒಬ್ಬ ಬಾಯಲ್ಲಿ ಹೇಳಿದ ಎನ್ನಿ. ವರ್ಷಕ್ಕೆ 6,000, ಎರಡು ವರ್ಷಕ್ಕೆ 12,000. ಒಟ್ಟು 62,000ವನ್ನು 24 ಕಂತು ಮಾಡಿದರೆ ತಿಂಗಳಿಗೆ 2,583 ರೂಪಾಯಿ. ಸರಿಯಾಗಿದೆಯಲ್ಲ? ಸರಿಯಾಗಿಲ್ಲ. ಪ್ರತಿ ತಿಂಗಳೂ ಅಸಲು ತೀರುತ್ತಾ ಬರುತ್ತದೆ. ಬಡ್ಡಿ ಮಾತ್ರ ಕೊನೆಯ ಕಂತಿನವರೆಗೂ ಪೂರ್ತಿ 50,000ದ ಮೇಲೆಯೇ ಓಡುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ಹನ್ನೆರಡು ಪರ್ಸೆಂಟು ನಿಜದಲ್ಲಿ ವರ್ಷಕ್ಕೆ ಇಪ್ಪತ್ತೊಂದಕ್ಕೂ ಮೇಲೆ. ಮೊದಲೇ ಶುಲ್ಕ ಮುರಿದುಕೊಂಡಿದ್ದರೆ ಇನ್ನೂ ಹೆಚ್ಚು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಸಂಘದ ಹೆಂಗಸರಿಗೆ ಈ ಲೆಕ್ಕ ಬರುವುದಿಲ್ಲ ಎಂದುಕೊಂಡಿರಾ? ಸಂಘದೊಳಗಿನ ಸಾಲಕ್ಕೆ ಅವರು ಹಾಕುವುದೇ ಉಳಿದ ಅಸಲಿನ ಮೇಲೆ ಬಡ್ಡಿ. "ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ", "ನೂರಕ್ಕೆ ಎರಡು ರೂಪಾಯಿ" ಎಂದು ಬಾಯಲ್ಲೇ ಲೆಕ್ಕ ಮಾಡಿ ಬರೆದಿಡುತ್ತಾರೆ. ಮೇಲಿನ ಸಾಲದ ಕಾಗದದಲ್ಲಿ "ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಎಂಬತ್ತು ಪೈಸೆ" ಎಂದು ಕನ್ನಡದಲ್ಲಿ ಒಂದೇ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಆ ಕ್ಷಣದಲ್ಲೇ ಅವಳು, "ನಮ್ಮ ಸಂಘದಲ್ಲಿ ಒಂದು ರೂಪಾಯಿಗೆ ಸಿಗ್ತದೆ, ನಿಮ್ಮದು ಬೇಡ" ಎಂದು ಎದ್ದು ಹೋಗುತ್ತಿದ್ದಳು. ಅದಕ್ಕೇ ಆ ಸಾಲು ಕನ್ನಡದಲ್ಲಿ ಇರುವುದಿಲ್ಲ! ದುಡ್ಡಿಗೆ ಭಾಷೆ ಇಲ್ಲ ಎನ್ನುವವರೇ, ಇದಕ್ಕೇನು ಹೇಳುತ್ತೀರಿ?

ಗೆಳೆಯರೇ, ಈ ಸಂಘ ಎನ್ನುವುದು ದೆಹಲಿಯವರು ನಮಗೆ ಕೊಟ್ಟ ಭಿಕ್ಷೆಯಲ್ಲ. 1980ರ ದಶಕದಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ, ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ, ದೊಡ್ಡ ಸೊಸೈಟಿಗಳಲ್ಲಿ ನಂಬಿಕೆ ಕಳೆದುಕೊಂಡ ಜನ ತಮ್ಮತಮ್ಮಲ್ಲೇ ಸಣ್ಣ ಗುಂಪು ಕಟ್ಟಿ ಉಳಿತಾಯ, ಸಾಲ ಶುರುಮಾಡಿದರು. ಅದನ್ನು ನೋಡಿ ನಬಾರ್ಡ್ 1987ರಲ್ಲಿ ನೆರವು ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ದೇಶದ ಮಟ್ಟದಲ್ಲಿ ಆರಂಭವಾಯಿತು. 2000ದಲ್ಲಿ ರಾಜ್ಯ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂತು, ಆಮೇಲೆ ಸಂಜೀವಿನಿ ಒಕ್ಕೂಟಗಳು ಬಂದವು. ಇವತ್ತು ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಕೇರಿಗೆ ಹೋದರೂ ಸಂಘ ಉಂಟು.

ಈ ಸಂಘಗಳ ನಡವಳಿ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡಿ. ಹಾಜರಿ, ಜಮಾ, ಖರ್ಚು, ಸಾಲ ಮಂಜೂರಿ, ಠರಾವು, ಕೆಳಗೆ ಸಾಲಾಗಿ ಸಹಿ. ಎಲ್ಲ ಕನ್ನಡ. ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಗೌಳಿಗರದ್ದು ಮರಾಠಿ, ಹವ್ಯಕರದ್ದು ಬೇರೆಯೇ ಕನ್ನಡ, ನಾಮಧಾರಿಗಳದ್ದು ಇನ್ನೊಂದು ಧಾಟಿ. ಪುಸ್ತಕಕ್ಕೆ ಬರೆಯುವಾಗ ಮಾತ್ರ ಎಲ್ಲರಿಗೂ ಕನ್ನಡ. ರಾಜ್ಯೋತ್ಸವದ ವೇದಿಕೆ ಇಲ್ಲ, ಶಾಲು ಹಾರ ಇಲ್ಲ. ವಾರ ವಾರವೂ ಕನ್ನಡ ಬರೆಯುತ್ತಿದ್ದಾರೆ. ಕನ್ನಡ ಉಳಿಸುವುದು ಎಂದರೆ ಇದಲ್ಲದೆ ಮತ್ತೇನು?

ಬ್ಯಾಂಕಿನವರು ಸಾಲ ಕೊಡುವ ಮೊದಲು ಪರೀಕ್ಷೆ ಮಾಡುವುದು ಇದೇ ಪುಸ್ತಕವನ್ನು. ಸಭೆ ಸರಿಯಾಗಿ ನಡೆದಿದೆಯೆ, ಲೆಕ್ಕ ಸರಿಯಿದೆಯೆ, ಸಾಲ ಮರುಪಾವತಿ ಆಗಿದೆಯೆ ಎಂದು ನೋಡಿ ಅಂಕ ಹಾಕುತ್ತಾರೆ. ಅಂದರೆ ಹೆಂಗಸರ ಕನ್ನಡವನ್ನು ನಂಬಿ ಬ್ಯಾಂಕು ಲಕ್ಷಗಟ್ಟಲೆ ಸಾಲ ಕೊಡುತ್ತದೆ. ಆಮೇಲೆ ಸಹಿಗೆ ಮುಂದಿಡುವುದು ಇಂಗ್ಲಿಷ್ ಕಾಗದ. ಅವರ ಕನ್ನಡ ಸಾಲ ಕೊಡಲಿಕ್ಕೆ ಸಾಕು, ಸಾಲದ ಷರತ್ತು ಹೇಳಲಿಕ್ಕೆ ಸಾಲದು! ಇದ್ಯಾವ ನ್ಯಾಯ?

ಈ ಸಾಲ ಅವರಿಗೆ ಯಾಕೆ ಬೇಕು ಎಂಬುದನ್ನೂ ಹೇಳಬೇಕು. ನಮ್ಮ ಸೀಮೆ ಅಡಿಕೆಯ ಸೀಮೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸೊಸೈಟಿ ಹುಟ್ಟಿತು. ಶಿರಸಿ ಅಡಿಕೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಹೆಮ್ಮೆಯ ಸಂಗತಿಗಳೇ. ಆದರೆ ಅಡಿಕೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಸುಲಿಯುವ ಬೆರಳುಗಳು ಯಾರವು? ಹೆಂಗಸರವು. ತೋಟದ ಪಹಣಿ ಯಾರ ಹೆಸರಿನಲ್ಲಿದೆ? ಗಂಡಸಿನ ಹೆಸರಿನಲ್ಲಿ. ಹಿಂದೂ ಕುಟುಂಬದ ಹೆಣ್ಣುಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಕೇಂದ್ರ ಸರಕಾರಕ್ಕೆ ಬುದ್ಧಿ ಬಂದದ್ದು 2005ರಲ್ಲಿ. ಆದರೂ ಪಹಣಿಯಲ್ಲಿ ಹೆಂಗಸರ ಹೆಸರು ಹುಡುಕಬೇಕು. ಸೊಸೈಟಿಯ ಬೆಳೆಸಾಲ ಪಹಣಿಯ ಮೇಲೆ. ಐದು ಲಕ್ಷದವರೆಗೆ ಶೂನ್ಯ ಬಡ್ಡಿ ಎಂದು 2023ರ ಬಜೆಟ್ಟಿನಲ್ಲಿ ಹೇಳಿದರು. ಪಹಣಿ ಇಲ್ಲದವಳಿಗೆ ಆ ಸೊನ್ನೆಯಿಂದ ಏನು ಬಂತು? ಶೂನ್ಯ ಬಡ್ಡಿ ತೋಟದ ಯಜಮಾನನಿಗೆ, ಇಪ್ಪತ್ತೊಂದು ಪರ್ಸೆಂಟು ಅಡಿಕೆ ಸುಲಿಯುವವಳಿಗೆ. ಮಗಳ ಕಾಲೇಜು ಫೀಸು, ಗಂಡನ ಆಸ್ಪತ್ರೆ, ಎಮ್ಮೆ ಖರೀದಿ, ಹಪ್ಪಳದ ಗೃಹೋದ್ಯೋಗ ಎಲ್ಲದಕ್ಕೂ ಅವಳ ಪಾಲಿಗೆ ಇರುವುದು ಸಂಘ, ಇಲ್ಲವೇ ಬೈಕಿನಲ್ಲಿ ಮನೆಬಾಗಿಲಿಗೆ ಬರುವ ಫೈನಾನ್ಸಿನವನು.

ಆ ಬೈಕಿನವರ ಕಾಟ ಎಲ್ಲಿಗೆ ಮುಟ್ಟಿತು ಎಂದು 2025ರ ಜನವರಿಯಲ್ಲಿ ನೋಡಿದಿರಲ್ಲ. ಚಾಮರಾಜನಗರದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಫೆಬ್ರವರಿ 12ರಂದು ಸುಗ್ರೀವಾಜ್ಞೆ ಬಂತು, ಮಾರ್ಚಿನಲ್ಲಿ ಸದನ ಮಸೂದೆ ಒಪ್ಪಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಅದು ಮನೆಗೆ ಬೆಂಕಿ ಬಿದ್ದ ಮೇಲೆ ಬರುವ ನೀರು. ಬೆಂಕಿ ಬೀಳುವುದು ಸಹಿ ಹಾಕುವ ದಿನ.

ಹಾಗಾದರೆ ಸಹಿ ಹಾಕುವ ದಿನಕ್ಕೆ ಕಾನೂನು ಇಲ್ಲವೆ? ಇದೆ! ಇದೇ ನನಗೆ ಹೊಟ್ಟೆ ಉರಿಸುವ ಸಂಗತಿ. ಖಾತೆ ತೆರೆಯುವ ಫಾರಂ, ದುಡ್ಡು ಕಟ್ಟುವ ಚಲನ್, ಪಾಸ್‌ಬುಕ್ಕು ಎಲ್ಲವೂ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆ ಮೂರರಲ್ಲೂ ಇರಬೇಕು ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿ ಎಷ್ಟೋ ವರ್ಷವಾಯಿತು. 2022ರ ಮಾರ್ಚಿನ ಕಿರುಸಾಲ ನಿರ್ದೇಶನದಲ್ಲಿ, ಸಾಲದ ಕಾರ್ಡಿನ ಎಲ್ಲ ನಮೂದುಗಳೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಎಂದಿತು. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೆ ಹೋಗಬಾರದು, ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕಬಾರದು ಎಂದೂ ಹೇಳಿತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಇನ್ನೊಂದು ನಿಯಮದ ಪ್ರಕಾರ, ಬಡ್ಡಿ ಮತ್ತು ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬ ಮುಖ್ಯಾಂಶಗಳ ಹಾಳೆಯನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಮೊದಲೇ ಕೊಡಬೇಕು.

ನಿಯಮ ಇದೆ. ಕೇಳುವವರಿಲ್ಲ. ಕೇಳಬೇಕಾದವಳಿಗೆ ಹೀಗೊಂದು ನಿಯಮ ಇದೆ ಎಂದೇ ಗೊತ್ತಿಲ್ಲ. ಯಾಕೆಂದರೆ ಆ ನಿಯಮವನ್ನೂ ಅವಳಿಗೆ ಯಾರೂ ಕನ್ನಡದಲ್ಲಿ ಹೇಳಲಿಲ್ಲ!

ಇನ್ನು ಬ್ಯಾಂಕುಗಳ ಕಥೆ. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿ, 1913ರಲ್ಲಿ ಮೈಸೂರು ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಎಲ್ಲ ನಮ್ಮ ನೆಲದಲ್ಲಿ ಹುಟ್ಟಿದವು. ಸಿಂಡಿಕೇಟಿನವರು 1928ರಲ್ಲೇ ಪಿಗ್ಮಿ ಶುರುಮಾಡಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತಿದರು. ಎತ್ತಿದವನು ಊರವನು, ಆಡಿದ್ದು ಊರಿನ ಮಾತು. ಇಂಥ ಬ್ಯಾಂಕುಗಳಲ್ಲಿ 2017ರಲ್ಲಿ ಮೈಸೂರು ಬ್ಯಾಂಕು, 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬೇರೆ ಬ್ಯಾಂಕುಗಳ ಹೊಟ್ಟೆ ಸೇರಿದವು. ನಮ್ಮ ಭಾಗದ ವಿಕಾಸ ಗ್ರಾಮೀಣ ಬ್ಯಾಂಕೂ 2025ರ ಮೇ 1ರಿಂದ ಬಳ್ಳಾರಿಯ ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ ರಾಜ್ಯಕ್ಕೊಂದೇ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಬ್ಯಾಂಕು ದೊಡ್ಡದಾದಷ್ಟೂ ಕೌಂಟರಿನ ಕಿಟಕಿ ಸಣ್ಣದಾಗುತ್ತಿದೆ.

2025ರ ಮೇ ತಿಂಗಳಲ್ಲೇ ಆನೇಕಲ್ ತಾಲ್ಲೂಕಿನ ಸ್ಟೇಟ್ ಬ್ಯಾಂಕ್ ಶಾಖೆಯೊಂದರ ಮ್ಯಾನೇಜರು ಕನ್ನಡ ಆಡುವುದಿಲ್ಲ ಎಂದ ವಿಡಿಯೋ ನಿಮ್ಮೆಲ್ಲರ ಮೊಬೈಲಿಗೂ ಬಂತು. ಗದ್ದಲವಾಯಿತು, ವರ್ಗಾವಣೆಯಾಯಿತು, ಮುಗಿಯಿತು. ನಾನು ಇಲ್ಲಿ ನಿಮ್ಮೊಂದಿಗೆ ಸ್ವಲ್ಪ ಜಗಳ ಮಾಡುತ್ತೇನೆ. ಒಬ್ಬರನ್ನು ಎತ್ತಂಗಡಿ ಮಾಡಿಸಿದರೆ ಮತ್ತೊಬ್ಬರು ಬರುತ್ತಾರೆ. ಬಿಹಾರದಿಂದಲೋ ಒಡಿಶಾದಿಂದಲೋ ಪರೀಕ್ಷೆ ಬರೆದು ಬಂದ ಹುಡುಗ ನಮ್ಮ ಶತ್ರುವಲ್ಲ. ಅವನಿಗೆ ಕನ್ನಡ ಕಲಿಸದೆ ಕೌಂಟರಿನಲ್ಲಿ ಕೂರಿಸಿದ ವ್ಯವಸ್ಥೆ ನಮ್ಮ ಶತ್ರು. ಅವನ ಮುಂದೆ ಇರುವ ಫಾರಂ ಕನ್ನಡದಲ್ಲಿದ್ದರೆ ಅವನೂ ಆರು ತಿಂಗಳಲ್ಲಿ ನಾಲ್ಕು ಅಕ್ಷರ ಕಲಿಯುತ್ತಾನೆ. ಇನ್ನು ಆ ಕುರ್ಚಿಯಲ್ಲಿ ನೀವೇ ಯಾಕೆ ಕೂರಬಾರದು? ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುತ್ತೇವೆ ಎಂದು ಕೇಂದ್ರ 2019ರ ಜುಲೈನಲ್ಲಿ ಒಪ್ಪಿಕೊಂಡಿತು. 2021ರಲ್ಲಿ ಸರಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಗೂ ಅದೇ ತೀರ್ಮಾನವಾಯಿತು. ಮಹಿಷಿ ವರದಿ ಜಾರಿಯಾಗಲಿ ಎಂದು ಕೂಗುತ್ತಲೇ ಇರೋಣ. ಅದರ ಜೊತೆಗೆ ಅರ್ಜಿಯನ್ನೂ ಹಾಕೋಣ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ಕಡೆ ಕನ್ನಡ ಫಾರಂ ಇದೆ. ಅದನ್ನು ಓದಿದರೆ ಇಂಗ್ಲಿಷೇ ವಾಸಿ ಅನಿಸುತ್ತದೆ. "ಸಹ-ಬಾಧ್ಯಸ್ಥರು", "ಪೂರ್ವಪಾವತಿ", "ಪ್ರತ್ಯಾಭೂತಿ"... ಇದು ಯಾರ ಮನೆಯ ಕನ್ನಡ? ಅಸಲು, ಬಡ್ಡಿ, ಕಂತು, ಬಾಕಿ, ಜಾಮೀನು, ಮುದ್ದತು ಎಂಬ ಮಾತುಗಳು ಹೆಂಗಸರ ಬಾಯಲ್ಲೇ ಇವೆ. ಅವನ್ನು ಕೇಳಿ ಬರೆಯುವ ಬದಲು ನಿಘಂಟು ನೋಡಿ ಬರೆದರೆ ಹೀಗಾಗುತ್ತದೆ. ನಾನೇನು ಸಾಚಾ ಅಲ್ಲ. "ಸ್ಟ್ಯಾಂಡರ್ಡ್ ಕಾಣಲಿ" ಎಂದು ಎಷ್ಟೋ ಸಂಘಗಳಿಗೆ ಇಂಗ್ಲಿಷ್ ತಲೆಬರಹದ ರಸೀದಿ ಪುಸ್ತಕ ಹೊಡೆದುಕೊಟ್ಟಿದ್ದೇನೆ. ಆ ಅಕ್ಕ ಅತ್ತ ದಿನದಿಂದ ಅದನ್ನು ಬಿಟ್ಟೆ.

ಅವಳ ಕಥೆ ಮುಗಿಸುತ್ತೇನೆ. ಆ ಕಾಗದದ ಲೆಕ್ಕವನ್ನು ಒಂದು ಹಾಳೆಯಲ್ಲಿ ಕನ್ನಡಕ್ಕೆ ಇಳಿಸಿ, ದೊಡ್ಡ ಅಕ್ಷರದಲ್ಲಿ ಐದು ಪ್ರತಿ ಅಚ್ಚು ಹಾಕಿ ಕೊಟ್ಟೆ. ಮುಂದಿನ ಸಭೆಯಲ್ಲಿ ಅವಳೇ ನಿಂತು ಓದಿದಳಂತೆ. ಸಂಘ ಉಳಿಯಿತು. ಆದರೆ ಅವಳು ಮತ್ತೆ ಪ್ರತಿನಿಧಿಯಾಗಲು ಒಪ್ಪಲಿಲ್ಲ. ಸಾಲ ತೀರಿತು, ಆ ಮಾತಿನ ಗಾಯ ತೀರಲಿಲ್ಲ.

ಈಗ ನೀವು ಮಾಡಬೇಕಾದದ್ದು. ದೀಪಾವಳಿಗೋ ಮಾರಿಜಾತ್ರೆಗೋ ಊರಿಗೆ ಹೋದಾಗ ಅಮ್ಮನ ಪಾಸ್‌ಬುಕ್ಕು, ಸಾಲದ ಕಾರ್ಡು ಕೇಳಿ. ಪಕ್ಕದಲ್ಲಿ ಕೂತು ಓದಿ ಹೇಳಿ. "ನೂರಕ್ಕೆ ತಿಂಗಳಿಗೆ ಎಷ್ಟು" ಎಂದು ಲೆಕ್ಕ ಹಾಕಿ ಕೊಡಿ. ಕಾಗದ ಕನ್ನಡದಲ್ಲಿ ಇಲ್ಲದಿದ್ದರೆ ಆ ಶಾಖೆಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಖರ್ಚಿಲ್ಲ, ವಕೀಲ ಬೇಡ. 2021ರ ನವೆಂಬರಿನಲ್ಲಿ ಈ ಏರ್ಪಾಡು ಮಾಡಿದಾಗ ಯಾವುದೇ ಭಾಷೆಯ ದೂರನ್ನು ತೆಗೆದುಕೊಳ್ಳುತ್ತೇವೆ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಹೇಳಿದ್ದನ್ನು ಮಾಡಿಸೋಣ. ಕಂಪ್ಯೂಟರ್ ಕೆಲಸದಲ್ಲಿ ಇರುವವರೇ, 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ ಎರಡು ಸಾವಿರ ಹೆಂಗಸರ ಖಾತೆಗೆ ಬೀಳತೊಡಗಿತು. ಬಿತ್ತು ಎಂದು ಹೇಳುವ ಮೆಸೇಜು ಕನ್ನಡದಲ್ಲಿ ಬರುವಂತೆ ಮಾಡುವುದು ನಿಮ್ಮಂಥವರ ಕೈಯಲ್ಲೇ ಇದೆ.

1930ರ ದಶಕದಲ್ಲಿ ನಮ್ಮ ಸಿದ್ದಾಪುರ ತಾಲ್ಲೂಕು ಬ್ರಿಟಿಷರಿಗೆ ಕಂದಾಯ ಕೊಡುವುದಿಲ್ಲ ಎಂದು ನಿಂತಿತು. ಜಪ್ತಿಯಾದ ಆಸ್ತಿಗಾಗಿ ಮಾವಿನಗುಂಡಿಯಲ್ಲಿ ಉಪವಾಸ ಕೂತವರು ಹೆಂಗಸರು. ಅವರ ಮೊಮ್ಮಕ್ಕಳ ಮುಂದೆ ಇವತ್ತು ಓದಲಾಗದ ಕಾಗದ ಹಿಡಿದು "ಇಲ್ಲಿ ಸಹಿ ಹಾಕಮ್ಮ" ಎನ್ನುತ್ತಾರೆ.

ಅವರು ಹೇಳಬೇಕಾದ ಮಾತು ಒಂದೇ. ಅದನ್ನು ಅವರಿಗೆ ಕಲಿಸಿ, ಜೊತೆಗೆ ನಿಲ್ಲಿ:

"ಮೊದಲು ಕನ್ನಡದಲ್ಲಿ ಕೊಡಿ. ಓದುತ್ತೇನೆ. ಆಮೇಲೆ ಸಹಿ."